ಚಿಕ್ಕಮ್ಮನ ಉದ್ದ ಸೈಕಲ್ಲು

ನಮ್ಮ ಚಿಕ್ಕಮ್ಮ ಸೈಕಲ್ ಕಲಿತದ್ದು ಐವತ್ತು ದಾಟಿದ ಮೇಲೆ. ಅದೂ ಎಂಥ ಸೈಕಲ್ಲು! ಒಂದರ ಹಿಂದೊಂದು ಎರಡು ಸೀಟು, ಎರಡು ಜೊತೆ ಪೆಡಲು ಇರುವ ಉದ್ದ ಸೈಕಲ್ಲು. ಪ್ರವಾಸಿಗರಿಗೆ ಬಾಡಿಗೆಗೆ ಕೊಡುತ್ತಿದ್ದ ಅಂಗಡಿಯವನು ಅದನ್ನು ತುಕ್ಕು ಹಿಡಿಯಲು ಮೂಲೆಗೆ ತಳ್ಳಿದ್ದ. ಚಿಕ್ಕಮ್ಮ ಅವನ ಅಂಗಡಿಗೆಲ್ಲ ಪರದೆ ಹೊಲಿದುಕೊಟ್ಟು ಅದನ್ನು ಮನೆಗೆ ತಂದಳು. ಒಂದು ಸೀಟಿನ ಸೈಕಲ್ಲನ್ನೇ ಹತ್ತಿ ಗೊತ್ತಿಲ್ಲದವಳು ಎರಡು ಸೀಟಿನದಕ್ಕೆ ಕೈಹಾಕಿದ್ದು ನೋಡಿ ನಮ್ಮಮ್ಮ ಹಣೆ ಹಣೆ ಚಚ್ಚಿಕೊಂಡಳು.

“ಈ ವಯಸ್ಸಲ್ಲಿ ಕೈಕಾಲು ಮುರ್ಕೊಂಡ್ರೆ ಇಬ್ರನ್ನೂ ನೋಡ್ಕೊಳ್ಳೋರು ಯಾರೇ?”

“ಮುರ್ಕೊಂಡ್ಮೇಲೆ ಯೋಚನೆ ಮಾಡೋಣ ಬಿಡಕ್ಕಾ” ಎಂದಳು ಚಿಕ್ಕಮ್ಮ, ಬಾಯಲ್ಲಿದ್ದ ಗುಂಡುಪಿನ್ನನ್ನೂ ತೆಗೆಯದೆ.

ಇಬ್ಬರು ಎಂದರೆ ಚಿಕ್ಕಮ್ಮ ಮತ್ತು ಚಿಕ್ಕಪ್ಪ. ಚಿಕ್ಕಮ್ಮ ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಶಾಲೆಯ ಮಕ್ಕಳಿಗೆ ಸಮವಸ್ತ್ರ ಹೊಲಿಯುವವಳು. ಚಿಕ್ಕಪ್ಪ ಬಸ್ ಡ್ರೈವರು. ಪಟ್ಟಣದಿಂದ ಹೊಳೆಯ ಪಕ್ಕದಲ್ಲೇ ಏರುತ್ತಾ ಕಣಿವೆಯ ತುದಿಯ ಹಳ್ಳಿಗೆ ಹೋಗುವ ರಸ್ತೆಯಲ್ಲಿ ಅರ್ಧ ಆಯುಷ್ಯ ಬಸ್ಸು ಓಡಿಸಿದವನು. ಆಮೇಲೆ ಕಣ್ಣಿನ ನರ ಒಣಗುತ್ತಾ ಬಂದು, ಒಂದು ವರ್ಷದೊಳಗೆ ಪೂರ್ತಿ ಕತ್ತಲಾಯಿತು.

ಕತ್ತಲಾದದ್ದಕ್ಕಿಂತ ಕಷ್ಟವಾದದ್ದು ಅವನ ಹಟ. ಯಾರಾದರೂ ಕೈ ಹಿಡಿದರೆ ಕೆಂಡ ತಗುಲಿದವನಂತೆ ಕಿತ್ತುಕೊಳ್ಳುತ್ತಿದ್ದ. “ಐವತ್ತು ಜನಾನ ಕೂರಿಸ್ಕೊಂಡು ಹೋಗ್ತಿದ್ದೋನು ನಾನು. ನನ್ನನ್ನ ಮಗು ಥರ ನಡೆಸಬೇಡಿ.” ಕೋಲು ತಂದುಕೊಟ್ಟರೆ ಅದನ್ನೂ ಬಾಗಿಲ ಹಿಂದೆ ಎಸೆದ. ಕೈ ಬೇಡ, ಕೋಲು ಬೇಡ. ಹಾಗಾದರೆ ಹೊಸ್ತಿಲು ದಾಟುವುದು ಹೇಗೆ? ದಾಟಲೇ ಇಲ್ಲ. ಹೊಲಿಗೆ ಯಂತ್ರದ ಪಕ್ಕದ ಕುರ್ಚಿಯಲ್ಲಿ ಕುಳಿತು, ಅದರ ಸದ್ದು ಕೇಳುತ್ತಾ, “ಬೆಲ್ಟು ಸಡಿಲ ಆಗಿದೆ” ಎಂದು ತಪ್ಪು ಹುಡುಕುವುದೇ ಅವನ ಕೆಲಸವಾಯಿತು. ಕುರ್ಚಿಯಲ್ಲೇ ಅವನು ಸೊರಗುತ್ತಿದ್ದುದು ನಮ್ಮೆಲ್ಲರಿಗೂ ಕಾಣುತ್ತಿತ್ತು. ನಾವು ಬರೀ ಅಯ್ಯೋ ಪಾಪ ಅಂದೆವು. ಚಿಕ್ಕಮ್ಮ ಸೈಕಲ್ ತಂದಳು.

ಅವಳು ಕಲಿತ ಬಗೆ ನೆನೆದರೆ ನನಗೆ ಈಗಲೂ ನಗು ಬರುತ್ತದೆ, ಜೊತೆಗೆ ಎದೆಯೂ ಉಬ್ಬುತ್ತದೆ. ಚಿಂದಿ ಬಟ್ಟೆ ತುಂಬಿದ ಮೂಟೆಯೊಂದನ್ನು ಗಂಡನ ತೂಕಕ್ಕೆ ಬರುವಂತೆ ನಡುವೆ ಮರಳು ಸೇರಿಸಿ ಹೊಲಿದು, ಹಿಂದಿನ ಸೀಟಿಗೆ ಕಟ್ಟಿದಳು. ಬೆಳಗಾಗುವ ಮುಂಚೆ ಶಾಲೆಯ ಮೈದಾನದಲ್ಲಿ ಮೂಟೆಯ ಜೊತೆ ಬಿದ್ದಳು, ಎದ್ದಳು, ಮತ್ತೆ ಬಿದ್ದಳು. ಮಂಡಿ ತರಚಿತು, ಮೂಟೆ ಎರಡು ಸಲ ಒಡೆಯಿತು, ಅದನ್ನೂ ತಾನೇ ಹೊಲಿದುಕೊಂಡಳು. “ಚಿಕ್ಕಪ್ಪನಿಗೂ ಇದಕ್ಕೂ ಏನು ವ್ಯತ್ಯಾಸ ಚಿಕ್ಕಮ್ಮಾ?” ಎಂದು ಕೇಳಿದೆ. “ಇದು ಹೇಳಿದ ಮಾತು ಕೇಳುತ್ತೆ ಕಣೇ” ಎಂದಳು.

ಪಟ್ಟಣದ ರಸ್ತೆಯಲ್ಲಿ ಇಂಥ ಜೋಡಿಗೆ ಜಾಗವಿಲ್ಲ. ಆದರೆ ಬೆಟ್ಟದ ಆಚೆಯಿಂದ ಅಗಲವಾದ ಹೊಸ ರಸ್ತೆ ಬಂದಮೇಲೆ ಬಸ್ಸು ಲಾರಿಗಳೆಲ್ಲ ಅತ್ತ ಹೋಗಿ, ಚಿಕ್ಕಪ್ಪನ ಹಳೇ ಕಣಿವೆ ರಸ್ತೆಯನ್ನು ಕೇಳುವವರೇ ಇರಲಿಲ್ಲ. ಡಾಂಬರು ಇನ್ನೂ ಗಟ್ಟಿಯಿತ್ತು. ಬೆಳಗ್ಗೆ ಒಂದು ಹಾಲಿನ ವ್ಯಾನು, ಆಗೊಮ್ಮೆ ಈಗೊಮ್ಮೆ ಒಂದು ಟ್ರ್ಯಾಕ್ಟರು. ಮಿಕ್ಕಂತೆ ಹೊಳೆಯ ಸದ್ದು, ಮೇಯುವ ಕುರಿಗಳು. ಈ ರಸ್ತೆಯನ್ನೇ ಚಿಕ್ಕಮ್ಮ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಳು. ಗಂಡನ ಮುಂದೆ ನಿಂತು ಹೇಳಿದಳು: “ನಾನೇನೂ ನಿಮ್ಮನ್ನ ಕರ್ಕೊಂಡು ಹೋಗ್ತಿಲ್ಲ. ನಾನು ಆ ಕಡೆ ಒಂದಿನಾನೂ ಹೋದೋಳಲ್ಲ. ದಾರಿ ನೀವು ಹೇಳ್ಬೇಕು.”

ಚಿಕ್ಕಪ್ಪ ಎದ್ದ. ದಾರಿ ಕೇಳಿದರೆ ಹೇಳದೆ ಇರುವ ಡ್ರೈವರನ್ನು ನಾನಂತೂ ಕಂಡಿಲ್ಲ.

ಮುಂದೆ ನಡೆದದ್ದನ್ನು ಇಬ್ಬರೂ ಬೇರೆ ಬೇರೆಯಾಗಿ ಹೇಳುತ್ತಾರೆ, ಚರಂಡಿಗೆ ಬಿದ್ದದ್ದನ್ನು ಮಾತ್ರ ಇಬ್ಬರೂ ಒಪ್ಪುತ್ತಾರೆ. ಮರ ಕೊಯ್ಯುವ ಕಾರ್ಖಾನೆಯ ವಾಸನೆ ಬಂದ ಕೂಡಲೆ ಚಿಕ್ಕಪ್ಪ ಹಿಂದಿನಿಂದ ಕೂಗಿದ: “ಎಡಕ್ಕೆ ಕಡಿದಾದ ತಿರುವು! ಮೊದ್ಲು ಬಲಕ್ಕೆ ಅಗಲವಾಗಿ ತಗೋ... ತಗೋ... ಇನ್ನೂ ತಗೋ!” ಚಿಕ್ಕಮ್ಮ ತಗೊಂಡಳು. “ಈಗ ಕಟ್ ಮಾಡು!” ಎನ್ನುವಷ್ಟರಲ್ಲಿ ಇಬ್ಬರೂ ರಸ್ತೆ ದಾಟಿ, ಬಲಗಡೆಯ ಚರಂಡಿಯ ಹುಲ್ಲಿನಲ್ಲಿ ಕಾಲು ಮೇಲೆ ಮಾಡಿ ಬಿದ್ದಿದ್ದರು.

“ಲೆಕ್ಕ ಸರಿಯಾಗೇ ಇತ್ತು” ಎಂದ ಚಿಕ್ಕಪ್ಪ, ಚರಂಡಿಯೊಳಗಿಂದಲೇ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ.

“ಬಸ್ಸಿಗೆ ಸರಿಯಾಗಿತ್ತು ರೀ. ನಾವು ಬಸ್ಸಲ್ಲ!” ಚಿಕ್ಕಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಅವನು ನಗಲಿಲ್ಲ. ಹುಲ್ಲಿನಲ್ಲಿ ಹಾಗೇ ಕುಳಿತ. ಸೋತ ದನಿಯಲ್ಲಿ, “ನನ್ ಕೈಲಿ ಏನೂ ಆಗಲ್ಲ. ಕೈ ಹಿಡ್ಕೊಂಡು ಮನೆಗೆ ಬಿಟ್ಬಿಡು” ಎಂದ.

ಎರಡು ವರ್ಷದಿಂದ ಕೈ ಕೊಡದವನು ಅವತ್ತು ತಾನಾಗಿ ಕೈ ಚಾಚಿದ್ದ. ಬೇರೆ ಯಾರಾದರೂ ಆಗಿದ್ದರೆ ಕಣ್ಣೀರು ಹಾಕಿಕೊಂಡು ಹಿಡಿಯುತ್ತಿದ್ದರು. ನಾನಾಗಿದ್ದರೂ ಹಿಡಿಯುತ್ತಿದ್ದೆ. ಹಾಗೆ ಮನೆಗೆ ಕರೆತಂದರೆ ಅವನು ಮತ್ತೆಂದೂ ಆ ಕುರ್ಚಿ ಬಿಟ್ಟು ಏಳುವುದಿಲ್ಲ ಎಂಬುದು ಚಿಕ್ಕಮ್ಮನಿಗೆ ಮಾತ್ರ ಹೊಳೆದಿತ್ತು. ಸೈಕಲ್ಲನ್ನು ಮೇಲೆತ್ತಿ ನಿಲ್ಲಿಸಿ ಹೇಳಿದಳು:

“ಇದನ್ನ ಹಿಡಿಯೋಕೆ ನಂಗೆ ಎರಡು ಕೈಯೂ ಬೇಕು. ನಿಮ್ಮನ್ನ ಹಿಡಿಯೋಕೆ ಮೂರನೇ ಕೈ ಎಲ್ಲಿಂದ ತರ್ಲಿ? ಹತ್ತಿ. ಇವತ್ತಿಂದ ಡ್ರೈವರ್ ನಾನು, ನೀವು ಕಂಡಕ್ಟರ್ರು. ತಿರುವು ಬಂದ್ರೆ ಹೇಳಿ, ಹೇಗೆ ತಿರುಗಿಸ್ಬೇಕು ಅಂತ ಹೇಳ್ಬೇಡಿ.”

ಸರ್ವೀಸಿನುದ್ದಕ್ಕೂ ಕಂಡಕ್ಟರುಗಳ ಜೊತೆ ಜಗಳವಾಡಿದ್ದವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇರಲಿಲ್ಲ. ಮೈ ಕೊಡವಿಕೊಂಡು ಎದ್ದ, ತಡವುತ್ತಾ ಸೀಟು ಹುಡುಕಿದ, ಕೂತ. ಕೊನೆಗೆ ಹಿಂದಿನಿಂದ ಸಣ್ಣ ದನಿ ಬಂತು: “ರೈಟ್.”

ಆಮೇಲೆ ವಾರಕ್ಕೆರಡು ಸಲ ಅವರ ಸವಾರಿ ತಪ್ಪಲಿಲ್ಲ. ಒಂದೊಂದು ಸಲ ಒಂದೊಂದು ತಿರುವು ಮುಂದೆ. ಗಾಡಿಗಳ ಸದ್ದಿಲ್ಲದ ರಸ್ತೆಯಾದ್ದರಿಂದ ಚಿಕ್ಕಪ್ಪನಿಗೆ ಎಲ್ಲವೂ ಕೇಳುತ್ತಿತ್ತು: ಸೇತುವೆ ಬಂತು, ಬಂಡೆ ಬಂತು, ದೂರದಲ್ಲಿ ಹಾಲಿನ ವ್ಯಾನು ಬಂತು. ಏರು ಬಂದದ್ದು ಅವನ ತೊಡೆಗೇ ತಿಳಿಯುತ್ತಿತ್ತು. ಅವನ ಮೈಯಲ್ಲಿ ಮಾಂಸ ತುಂಬಿತು, ಬಾಯಿಗೂ ಕೆಲಸ ಸಿಕ್ಕಿತು. ಆದರೆ ತುದಿಯ ಹಳ್ಳಿ ಹತ್ತಿರ ಬಂದರೆ ಸಾಕು, “ತಿರುಗಿಸು, ಸಾಕು” ಎನ್ನುತ್ತಿದ್ದ. ಅಲ್ಲಿದ್ದವರೆಲ್ಲ ಅವನ ಹಳೇ ಪ್ರಯಾಣಿಕರು. ಅವರ ಕಣ್ಣಿಗೆ ಕುರುಡನಾಗಿ ಬೀಳುವುದು ಅವನಿಗೆ ಬೇಡವಾಗಿತ್ತು. ಚಿಕ್ಕಮ್ಮ ಒಂದು ಸಲವೂ ಬಲವಂತ ಮಾಡಲಿಲ್ಲ, ತಿರುಗಿಸುತ್ತಿದ್ದಳು.

ಒಂದು ಭಾನುವಾರ ನಾನೂ ನನ್ನ ಸೈಕಲ್ಲಿನಲ್ಲಿ ಅವರ ಹಿಂದೆ ಹೋಗಿದ್ದೆ. ಕೊನೆಯ ಏರಿನಲ್ಲಿ ಚಿಕ್ಕಮ್ಮ ಕಾದಳು. “ತಿರುಗಿಸು” ಎಂಬ ಮಾತು ಬರಲಿಲ್ಲ. ಹಾಗೇ ತುಳಿದಳು. ಹಳೇ ಬಸ್ ಸ್ಟಾಪಿನ ಎದುರಿನ ಟೀ ಅಂಗಡಿಯ ಮುಂದೆ ನಿಂತೆವು. ಬೆಂಚಿನ ಮೇಲಿದ್ದವರೆಲ್ಲ ಕತ್ತು ತಿರುಗಿಸಿದರು. ಅಂಗಡಿಯ ಅಜ್ಜಿ ಮಾತ್ರ ಕಣ್ಣು ಕಿರಿದು ಮಾಡಿ ನೋಡಿ, “ಏನ್ ಡ್ರೈವರಪ್ಪಾ, ಇವತ್ತು ಇಷ್ಟೊಂದು ಲೇಟು!” ಎಂದಳು.

ಚಿಕ್ಕಪ್ಪ ಇಳಿದು ನಿಂತ. ಬೆಂಚು ನಾಲ್ಕು ಹೆಜ್ಜೆ ದೂರ, ನಡುವೆ ಕಲ್ಲು, ಮೆಟ್ಟಿಲು. ಚಿಕ್ಕಮ್ಮ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ ಸುಮ್ಮನೆ ನಿಂತಳು. ನನಗೆ ತಡೆಯಲಾಗಲಿಲ್ಲ, ಮುಂದೆ ಹೋದೆ. ಅವಳು ಕಣ್ಣಲ್ಲೇ ಗದರಿ ನನ್ನನ್ನು ನಿಲ್ಲಿಸಿದಳು. ಅವಳ ಮೇಲೆ ನನಗೆ ಕೆಟ್ಟ ಸಿಟ್ಟು ಬಂತು.

“ಸ್ಟ್ಯಾಂಡ್ ಹಾಕಿದ್ಯೇನೇ?” ಚಿಕ್ಕಪ್ಪ ಕೇಳಿದ, ಎಲ್ಲರಿಗೂ ಕೇಳುವಷ್ಟು ಜೋರಾಗಿ.

“ಹಾಕಿದೀನಿ ರೀ.”

“ಹಾಗಾದ್ರೆ ಎರಡು ಕೈಯೂ ಖಾಲಿ ಇದೆಯಲ್ಲ. ಒಂದು ಕೊಡು.”

ಚಿಕ್ಕಮ್ಮ ಸೀರೆಯ ಸೆರಗಿಗೆ ಕೈ ಒರೆಸಿಕೊಂಡು ಕೊಟ್ಟಳು. ಬೆಂಚಿನವರು ಸರಿದು ಇಬ್ಬರಿಗೂ ಜಾಗ ಮಾಡಿದರು.