ಕುರಿ ನಿಂತ ಮೈದಾನ

ಬೆಳಿಗ್ಗೆ ಆರಕ್ಕೆ ಶಮಶೇರಸಾಬರು ಚಪ್ಪಲಿಯನ್ನು ಗೇಟಿನ ಬಳಿ ಬಿಟ್ಟು ಮೈದಾನಕ್ಕೆ ಇಳಿಯುತ್ತಿದ್ದರು. ಒಂದು ಗೋಲಿನಿಂದ ಇನ್ನೊಂದು ಗೋಲಿನವರೆಗೆ ಬರಿಗಾಲಲ್ಲಿ ನಡೆದು, ಅಲ್ಲಲ್ಲಿ ನಿಂತು ಹಿಮ್ಮಡಿ ಒತ್ತುತ್ತಿದ್ದರು. ಹಿಮ್ಮಡಿಗೆ ಎಲ್ಲಿ ತಂಪು ಹತ್ತಲಿಲ್ಲವೋ ಅಲ್ಲಿಗೆ ಆ ದಿನ ನೀರಿನ ಪೈಪು ಮೊದಲು ಹೋಗುತ್ತಿತ್ತು. ರಾಣೇಬೆನ್ನೂರಿನ ಆ ಫುಟ್ಬಾಲ್ ಮೈದಾನವನ್ನು ಅವರು ಇಪ್ಪತ್ತಮೂರು ವರ್ಷ ಹೀಗೆಯೇ ನೋಡಿಕೊಂಡರು.

ಅಲ್ಲಿದ್ದದ್ದು ಕೊಂಡು ತಂದ ಹುಲ್ಲಲ್ಲ. ಮದುವೆಯಾದ ಹೊಸದರಲ್ಲಿ ಅವರೂ ಹೆಂಡತಿ ಮುಮ್ತಾಜಬಿಯೂ ಮೇಡ್ಲೇರಿಯ ಹೊಳೆದಂಡೆಯಿಂದ ಗರಿಕೆಯ ಬೇರುಗಳನ್ನು ಒದ್ದೆ ಚೀಲದಲ್ಲಿ ಕಟ್ಟಿ ಬಸ್ಸಿನಲ್ಲಿ ತಂದು, ಗೇಣಿಗೊಂದರಂತೆ ನೆಟ್ಟಿದ್ದರು. “ಹುಲ್ಲೇನೋ ಬಂತು, ಎಮ್ಮಿ ಯಾವ ಬಸ್ಸಿಗೆ ಬರ್ತೈತ್ರಿ ಸಾಬರ?” ಎಂದು ಕಂಡಕ್ಟರ್ ಕೇಳಿದ್ದನ್ನು ಮುಮ್ತಾಜಬಿ ಬಂದವರಿಗೆಲ್ಲ ಹೇಳಿ ನಗುತ್ತಿದ್ದಳು.

ಎರಡು ವರ್ಷದ ಹಿಂದೆ ಊರಿನ ಕ್ಲಬ್ಬು ವೃತ್ತಿಪರ ಲೀಗಿಗೆ ಸೇರಿತು. ಲೀಗಿನವರು ಬಂದು ಮೈದಾನವನ್ನು ಒಪ್ಪಬೇಕಿತ್ತು. ಒಪ್ಪಿದರೆ ಹುಲ್ಲು ಉಳಿಯುತ್ತದೆ. ಇಲ್ಲವಾದರೆ ಅದನ್ನು ಕಿತ್ತು ಪ್ಲಾಸ್ಟಿಕ್ ಹುಲ್ಲು ಹಾಸುತ್ತಾರೆ. ಕ್ಲಬ್ಬಿನ ಕಾರ್ಯದರ್ಶಿ ವಿಜಯಮಹಾಂತೇಶ ಹಾವೇರಿಯಲ್ಲಿ ಲೀಗಿನವರನ್ನು ಕಂಡು ಬಂದು ಹೇಳಿದ:

“ಚಾಚಾ, ನನಗೂ ಆ ಪ್ಲಾಸ್ಟಿಕ್ ಬ್ಯಾಡ. ಬಿದ್ದವರ ಮೊಣಕಾಲ ತೊಗಲ ಕಿತ್ತ ಬರ್ತೈತಿ. ಏಪ್ರಿಲ್ ಇಪ್ಪತ್ತಕ್ಕ ನೋಡಾಕ ಬರ್ತಾರ. ಹಸರ ಕಂಡ್ರ ಸಾಕು.”

“ಕಾಣತೈತಿ, ನೀವ ಚಿಂತಿ ಬಿಡ್ರಿ,” ಎಂದರು ಶಮಶೇರಸಾಬರು.

ಆದರೆ ಎರಡೂ ಗೋಲುಗಳ ಮುಂದೆ ಹುಲ್ಲು ತುಳಿದು ತುಳಿದು ತೆಳ್ಳಗಾಗಿತ್ತು. ಅದಕ್ಕೆ ಅವರಿಗೆ ಗೊತ್ತಿದ್ದ ಮದ್ದು ಒಂದೇ. ರೈತರು ಹೊಲದಲ್ಲಿ ಕುರಿ ನಿಲ್ಲಿಸುವಂತೆ, ಪ್ರತಿ ಮೇ ಕೊನೆಗೆ ಕಾಗಿನೆಲೆ ಕಡೆಯ ಕುರಿಗಾರ ಗುಡ್ಡಪ್ಪನ ಹಿಂಡನ್ನು ಮೂರು ದಿನ ಮೈದಾನದಲ್ಲಿ ನಿಲ್ಲಿಸುತ್ತಿದ್ದರು. ಹಿಕ್ಕಿ, ಗಂಜಲ ಬಿದ್ದ ಮೇಲೆ ಮೊದಲ ಮಳೆ ಬಂದು ಅದನ್ನೆಲ್ಲ ಮಣ್ಣಿಗೆ ಇಳಿಸುತ್ತಿತ್ತು. ಆ ವರ್ಷ ಅವರು ಏಪ್ರಿಲ್ ಮೊದಲ ವಾರಕ್ಕೇ ಗುಡ್ಡಪ್ಪನನ್ನು ಕರೆದರು.

“ಮಳಿ ಇಲ್ಲದ ಯಾರರ ಕುರಿ ನಿಲ್ಲಸ್ತಾರೇನ್ರಿ?” ಎಂದಳು ಮುಮ್ತಾಜಬಿ. “ಗಂಜಲಕ್ಕ ಹುಲ್ಲು ಸುಡತೈತಿ.”

“ಮಳಿ ಇಲ್ಲಂದ್ರ ಬೋರ್ ಐತಿ. ನಾ ನೀರ ಹೊಡಿತೇನಿ.”

ಗುಡ್ಡಪ್ಪ ನಗುತ್ತಲೇ ಬಂದ. “ಏನ್ ಸಾಬರ, ಈ ಸಲ ಲಗೂ ಕರದ್ರಿ? ನನ್ನ ಕುರಿಗೂ ಫುಟ್ಬಾಲ್ ಕಲಸ್ತೀರೇನು?”

“ನಿನಗಿಂತ ಲಗೂ ಕಲೀತಾವ ಬಿಡು.”

ಕುರಿಗಳು ಹೋದ ಮಾರನೆಯ ದಿನ ಬೋರಿನ ಮೋಟಾರು ಸುಟ್ಟಿತು. ರಿಪೇರಿಯಾಗಿ ಬರಲು ಆರು ದಿನ ಹಿಡಿಯಿತು. ಆ ಆರು ದಿನ ಗಂಡ ಹೆಂಡತಿ ಬೀದಿಯ ನಲ್ಲಿಯಿಂದ ಕೊಡದಲ್ಲಿ ನೀರು ಹೊತ್ತರು. ಅಷ್ಟು ದೊಡ್ಡ ಮೈದಾನಕ್ಕೆ ಕೊಡದ ನೀರು ಎಲ್ಲಿ ಸಾಲಬೇಕು? ಕುರಿ ಮಲಗಿದ್ದಲ್ಲೆಲ್ಲ ಹುಲ್ಲು ಮೊದಲು ಹಳದಿಯಾಯಿತು, ಆಮೇಲೆ ಕಂದು ಬಣ್ಣಕ್ಕೆ ತಿರುಗಿತು.

ಇಪ್ಪತ್ತನೇ ತಾರೀಖು ಬಂದ ಅಧಿಕಾರಿ ಬಗ್ಗಿ ಒಂದು ಹಿಡಿ ಹುಲ್ಲು ಹಿಡಿದ. ಅದು ಬೇರು ಸಮೇತ ಕೈಗೆ ಬಂತು. “ರೋಗ ಬಿದ್ದಿದೆ,” ಎಂದು ಬರೆದುಕೊಂಡ. ಶಮಶೇರಸಾಬರ ಬಾಯಿಗೆ ಮಾತು ಬಂದಿತ್ತು, ನುಂಗಿಕೊಂಡರು. ಈ ಸಲ ಮಳೆಗೆ ಮೊದಲೇ ಕುರಿ ನಿಲ್ಲಿಸಿದ್ದು ಗೊತ್ತಿಲ್ಲದ ವಿಜಯಮಹಾಂತೇಶ ಅವರ ಹೆಗಲ ಮೇಲೆ ಕೈಯಿಟ್ಟ. “ಬ್ಯಾಸಗಿ ಚಾಚಾ. ನೀವರ ಏನ್ ಮಾಡ್ತೀರಿ?”

ಆ ಮಾತು ಅವರನ್ನು ಬಹಳ ದಿನ ಮಲಗಗೊಡಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು.

ಗರಿಕೆಯನ್ನು ಜೆಸಿಬಿ ಒಂದೇ ದಿನದಲ್ಲಿ ಬಗೆದು ಟಿಪ್ಪರಿಗೆ ತುಂಬಿತು. ದೀಪಾವಳಿ ಹೊತ್ತಿಗೆ ಪ್ಲಾಸ್ಟಿಕ್ ಹುಲ್ಲು ಬಂತು. ಶಮಶೇರಸಾಬರ ಕೆಲಸ ಹೋಗಲಿಲ್ಲ. ಉದ್ದ ಬ್ರಷ್ಷಿನಿಂದ ಆ ಹುಲ್ಲನ್ನು ನೆಟ್ಟಗೆ ನಿಲ್ಲಿಸುವುದು, ನಡುವೆ ಕರಿಯ ರಬ್ಬರಿನ ಪುಡಿ ಉದುರಿಸುವುದು, ಇಷ್ಟೇ. ಮಾರ್ಚಿನ ಒಂದು ಮಧ್ಯಾಹ್ನ ರೂಢಿಯಂತೆ ಚಪ್ಪಲಿ ಬಿಟ್ಟು ಇಳಿದರು. ನಡುಗೆರೆ ಮುಟ್ಟುವುದರೊಳಗೆ ಕಾದ ಪ್ಲಾಸ್ಟಿಕ್ಕಿಗೆ ಅಂಗಾಲಲ್ಲಿ ಬೊಬ್ಬೆ ಎದ್ದಿತ್ತು. ಮನೆಯಲ್ಲಿ ಮುಮ್ತಾಜಬಿ ಲೋಳೆಸರ ಹಚ್ಚುತ್ತ, “ನಾಳಿಂದ ಚಪ್ಲಿ ಹಾಕ್ಕೊಂಡ ಇಳೀರಿ,” ಎಂದಳು. ಕುರಿಯ ಮಾತನ್ನು ಅವಳು ಒಮ್ಮೆಯೂ ಎತ್ತಲಿಲ್ಲ. ಬಸ್ಸಿನ ಕಥೆಯನ್ನೂ ಹೇಳುವುದು ಬಿಟ್ಟಿದ್ದಳು.

ಮೇ ಕೊನೆಗೆ ಗುಡ್ಡಪ್ಪ ಕರೆಯದೆಯೇ ಹಿಂಡಿನೊಡನೆ ಗೇಟಿಗೆ ಬಂದ. ಒಳಗೆ ನೋಡಿ ಅವನ ಮುಖ ಅರಳಿತು.

“ಅಬ್ಬಬ್ಬಾ ಸಾಬರ! ಇಂಥಾ ಬ್ಯಾಸಗ್ಯಾಗ ಇಷ್ಟ ಹಸರ! ನನ್ನ ಕುರಿ ಹಿಕ್ಕಿ ಅಂದ್ರ ಸುಮ್ನ ಅಲ್ಲ, ನೋಡ್ರಿ!”

ಒಂದು ಕುರಿ ಒಳಗೆ ನುಗ್ಗಿ ಆ ಹಸಿರಿಗೆ ಬಾಯಿ ಹಾಕಿತು. ಮರುಗಳಿಗೆಗೆ ತಲೆಯೆತ್ತಿ ಸುಮ್ಮನೆ ನಿಂತಿತು. ಗುಡ್ಡಪ್ಪ ಕುಕ್ಕರಗಾಲಲ್ಲಿ ಕೂತು ಹುಲ್ಲನ್ನು ಬೆರಳಿನಿಂದ ತಿಕ್ಕಿದ.

“ಇದು ಹುಲ್ಲಲ್ಲ.”

“ಅಲ್ಲ.”

“ನಮ್ಮ ಹುಲ್ಲೇನಾತ್ರಿ?”

ಶಮಶೇರಸಾಬರು ಗೇಟಿನಾಚೆ ದೂಳಿನಲ್ಲಿ ಒತ್ತಾಗಿ ನಿಂತಿದ್ದ ಹಿಂಡನ್ನು ನೋಡಿದರು. ಆಮೇಲೆ ಗುಡ್ಡಪ್ಪನನ್ನು.

“ವಯಸ್ಸಾಗಿತ್ತಪ್ಪ ಅದಕ್ಕ. ಇಪ್ಪತ್ತಮೂರು ವರ್ಷ ಅಂದ್ರ ಸಣ್ಣದೇನು?”

“ಹಂಗಾರ ಮುಂದಿನ ಸಲ ನಾ ಬರಲೇನ್ರಿ?”

“ನೀ ಬಾ. ಚಹಾ ಕುಡದು ಹೋಗುವಂತಿ.”

ಗುಡ್ಡಪ್ಪ ಒಳಗಿದ್ದ ಕುರಿಯನ್ನು ಹೊರಗೆ ಎಳೆದುಕೊಂಡು, ಹಿಂಡನ್ನು ಗುತ್ತಲದ ದಾರಿಗೆ ತಿರುಗಿಸಿದ.

ಆ ಕುರಿ ಗೇಟಿನ ಒಳಗೆ ಒಂದಿಷ್ಟು ಹಿಕ್ಕಿ ಹಾಕಿತ್ತು. ಗುಡಿಸಿ ಬಿಸಾಡಬೇಕಿತ್ತು. ಶಮಶೇರಸಾಬರು ಬ್ರಷ್ಷನ್ನು ಕೆಳಗಿಟ್ಟು ಕುಳಿತರು. ಪ್ಲಾಸ್ಟಿಕ್ ಎಳೆಗಳ ನಡುವಿನಿಂದ ಒಂದೊಂದನ್ನೇ ಆರಿಸಿ ಅಂಗೈಗೆ ಹಾಕಿಕೊಂಡರು. ಅವಿನ್ನೂ ಬೆಚ್ಚಗಿದ್ದವು.