ಕೆಂಚನ ಎಣ್ಣೆಸ್ನಾನ

ನನ್ನ ತಲೆಯ ಮೇಲೆ ಉಳಿದಿರುವುದು ಒಂದು ಬಡ ಜುಟ್ಟು ಮಾತ್ರ. ಆದರೂ ಬೆಳಗಾದರೆ ಬಾಚಣಿಗೆ ಹಿಡಿದು ಕೂರುತ್ತೇನೆ. ನೀವು ನಗುವ ಮೊದಲೇ ಹೇಳಿಬಿಡುತ್ತೇನೆ, ಆ ಬಾಚಣಿಗೆ ಕೆಂಚನದು.

ಕೆಂಚ ನಮ್ಮ ಮುದಿ ನಾಯಿ. ಮಾರಿಕಣಿವೆಯ ಅಣೆಕಟ್ಟೆ ಕೆಲಸಕ್ಕೆ ಬಂದಿದ್ದ ಬಿಳಿ ದೊರೆಯೊಬ್ಬರು ಊರು ಬಿಡುವಾಗ ನನಗೆ ಒಪ್ಪಿಸಿಹೋದದ್ದು. ಮೈತುಂಬ ಕಂಬಳಿಯಂಥ ಕೂದಲು. ಹಿಮ ಬೀಳುವ ದೇಶಕ್ಕೆಂದು ದೇವರು ಹೊಲಿದ ಅಂಗಿಯನ್ನು ಹಿರಿಯೂರಿನ ಬಿಸಿಲಿನಲ್ಲಿ ತೊಟ್ಟು ತಿರುಗುವುದೆಂದರೆ ಹುಡುಗಾಟವೇ? ಒಂದು ಬೇಸಿಗೆಯಲ್ಲಿ ಕೂದಲೆಲ್ಲ ಗಂಟುಗಟ್ಟಿ, ಅವನು ಏದುಸಿರು ಬಿಡುತ್ತ ಬಿದ್ದುಕೊಂಡು ಅನ್ನ ಮುಟ್ಟುವುದನ್ನೇ ಬಿಟ್ಟ. ಮುದುಕ ಈ ಬೇಸಿಗೆ ದಾಟುವುದಿಲ್ಲವೇನೋ ಎಂದು ನನಗೆ ಹೆದರಿಕೆಯಾಯಿತು. ಬೋಳಿಸಿಬಿಡೋಣವೆಂದರೆ, ಬೋಳು ಚರ್ಮಕ್ಕೆ ಬಿಸಿಲು ಹೇಗೆ ಹೊಡೆಯುತ್ತದೆಂಬುದು ನನ್ನ ತಲೆಗೆ ಚೆನ್ನಾಗಿ ಗೊತ್ತು.

ನಮ್ಮ ಅಕ್ಕನ ವೈದ್ಯಶಾಸ್ತ್ರದಲ್ಲಿ ಇರುವುದು ಒಂದೇ ರೋಗ, ಉಷ್ಣ. ಒಂದೇ ಮದ್ದು, ಹರಳೆಣ್ಣೆ. "ಮೈಯಾಗೆ ಉಷ್ಣ ಐತೆ ಕಣೋ. ಎಣ್ಣೆ ಒತ್ತಿ ಸೀಗೇಪುಡಿ ಹಾಕಿ ನೀರು ಹುಯ್ದ್ರೆ ತಾನೇ ಉಣ್ತಾನೆ. ಹಿಡ್ಕಾ ಅವನ್ನ!" ಎಂದಳು. ಆನೆ ಕುದುರೆಗಳಿಗೂ ಶಾಸ್ತ್ರದಲ್ಲಿ ಅಭ್ಯಂಜನ ಹೇಳಿದೆಯಂತೆ, ನಾಯಿ ಏನು ಪಾಪ ಮಾಡಿತ್ತು ಎಂದು ನಾನೂ ಪಂಡಿತನಂತೆ ತಲೆಯಾಡಿಸಿದೆ.

ಎಣ್ಣೆ ಹಚ್ಚುವ ತನಕ ಕೆಂಚ ಹೊಸ ಅಳಿಯನ ಹಾಗೆ ಗಂಭೀರವಾಗಿ ಕೂತಿದ್ದ. ಸೀಗೇಪುಡಿ ಕಂಡದ್ದೇ ತಡ, ಕೈಯಿಂದ ಜಾರಿ, ಹಿತ್ತಲ ಬೂದಿಗುಂಡಿಯಲ್ಲಿ ಮನದಣಿಯೆ ಹೊರಳಿ, ಬೀದಿಗೆ ಬಂದು ನಿಂತ. ಎದುರುಮನೆಯ ಈರಣ್ಣ ಭಕ್ತಿಯಿಂದ ಪಕ್ಕಕ್ಕೆ ಸರಿದು, "ಯಾವ ಮಠದ ಸ್ವಾಮೇರು ಮೇಷ್ಟ್ರೇ? ಒಳಕ್ಕೆ ಕರ್ಕಂಡು ಹೋಗ್ರಿ, ಬಿಸಿಲೈತೆ!" ಎಂದ.

ಸ್ವಾಮಿಗಳನ್ನು ಒಳಗೆ ಬಿಜಯಂಗೈಸಿ, ಕಡಲೆಹಿಟ್ಟು ತಿಕ್ಕಿ, ತಣ್ಣೀರಿನ ಬಟ್ಟೆಯಿಂದ ಒರೆಸಿದ್ದಾಯಿತು. ಮರುದಿನ ಬಿಸಿಲೇರುವ ಮೊದಲೇ ನಡುಮನೆಯ ಕಲ್ಲುಹಾಸಿನ ಮೇಲೆ ಬಾಚಣಿಗೆ ಹಿಡಿದೆ. ಪಾಪ, ಹಿಂದಿನ ದಿನದ ಓಟಕ್ಕೆ ಹಿಂಗಾಲು ಸೋತ ಮುದುಕ ನಿಲ್ಲಲಾರ. ಹಾಗಾಗಿ ನಾನೇ ಅವನ ಪಕ್ಕ ಉದ್ದಕ್ಕೆ ಮಲಗಿದೆ. ಗಂಟು ಸಿಕ್ಕರೆ ಎಳೆಯದೆ ಬೆರಳಿನಿಂದ ಬಿಡಿಸುವುದು, ಅವನು ಗುರ್ ಎಂದರೆ ನಿಲ್ಲಿಸಿ ಕ್ಷಮೆ ಕೇಳುವುದು. ಎಣ್ಣೆಗೆ ಗಂಟುಗಳೆಲ್ಲ ಸಡಿಲಾಗಿದ್ದವು. ದಯವಿಟ್ಟು ಇದನ್ನು ಅಕ್ಕನ ಕಿವಿಗೆ ಹಾಕಬೇಡಿ.

ಬಾಚುತ್ತ ಬಾಚುತ್ತ ನನಗೇ ಜೊಂಪು ಹತ್ತಿತು. ಎಚ್ಚರವಾದಾಗ, ಅಕ್ಕ ನನಗೆಂದು ತಂದಿಟ್ಟಿದ್ದ ಮೊಸರನ್ನದ ತಟ್ಟೆ ತೊಳೆದಿಟ್ಟಂತೆ ಹೊಳೆಯುತ್ತಿತ್ತು. ಕೆಂಚನ ಮೀಸೆಯ ತುಂಬ ಮೊಸರು.

"ಅಯ್ಯೋ, ಒಂದಗುಳೂ ಉಳಿಸಿಲ್ವಲ್ಲೋ ಇವನು! ಇದ್ದದ್ದೇ ಅಷ್ಟು. ಈಗ ನೀನೇನು ಉಣ್ತೀಯ?" ಎಂದು ಅಕ್ಕ ಗದರುತ್ತ, ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅಂದು ಖಾಲಿ ಹೊಟ್ಟೆಯಲ್ಲೇ ಪಾಠ ಮಾಡಲು ಹೋದೆ. ಹೊಟ್ಟೆ ಅಷ್ಟು ತುಂಬಿದ ದಿನ ಮತ್ತೊಂದು ನನಗೆ ನೆನಪಿಲ್ಲ.