ಕಬ್ಬಿನ ಪಕ್ಕದ ಮನೆಗೆ ಬಂದ ಬೂದಿ

ಶಿವನಂಜಮ್ಮ ನಾಯಿ ಬೇಕೆಂದು ಹಟ ಹಿಡಿದದ್ದು ಆಸೆಯಿಂದಲ್ಲ, ಅಂಜಿಕೆಯಿಂದ. ತಿ. ನರಸೀಪುರದಿಂದ ತಲಕಾಡಿಗೆ ಹೋಗುವ ರಸ್ತೆ ಬಿಟ್ಟು ಒಳಕ್ಕೆ, ಊರಿಂದ ಕೂಗಳತೆ ದೂರದಲ್ಲಿ ಅವರ ಮನೆ. ಮೂರು ಕಡೆಯೂ ಕಬ್ಬು. ಗಂಡ ನಿಂಗರಾಜು ತಾಂಡವಪುರದ ಕಡೆ ಒಂದು ಕಾರ್ಖಾನೆಯಲ್ಲಿ ದುಡಿಯುತ್ತಿದ್ದ. ಸೆಕೆಂಡ್ ಶಿಫ್ಟಿನ ವಾರಗಳಲ್ಲಿ ಸಂಜೆಯೆಲ್ಲ ಅವಳೊಬ್ಬಳೇ. ಡೈರಿಗೆ ಹಾಲು ಹಾಕಿ, ಖಾಲಿ ಕ್ಯಾನು ಹಿಡಿದು ಕಾಲುವೆ ಏರಿಯ ಮೇಲೆ ಬರುವಾಗ ಕಬ್ಬಿನ ಗರಿ ಸರಸರ ಎಂದರೆ ಕಾಲು ತಾನಾಗಿ ಬಿರುಸಾಗುತ್ತಿತ್ತು. ಆ ವರ್ಷ ಸುತ್ತಿನ ಹಳ್ಳಿಗಳಲ್ಲಿ ಚಿರತೆಯ ಮಾತು ಬಿಟ್ಟರೆ ಬೇರೆ ಮಾತಿರಲಿಲ್ಲ.

ಮೈಸೂರಿನಲ್ಲಿ ನರ್ಸಿಂಗ್ ಓದುತ್ತಿದ್ದ ಮಗಳು ತೇಜಸ್ವಿನಿ ಅವಳನ್ನು ಬೀದಿಗೆ ಬಿದ್ದ ನಾಯಿಗಳನ್ನು ನೋಡಿಕೊಳ್ಳುವ ಒಂದು ಜಾಗಕ್ಕೆ ಕರೆದೊಯ್ದಳು. ಅದನ್ನು ನಡೆಸುತ್ತಿದ್ದ ಪವಿತ್ರ ನಾಯಿ ತೋರಿಸುವ ಮೊದಲು ಮನೆಯ ಬಗ್ಗೆ ಕೇಳಿದಳು. ಕಾಂಪೌಂಡ್ ಇದೆಯಾ, ಹಗಲು ಯಾರಿರುತ್ತಾರೆ, ನಾಯಿ ಎಲ್ಲಿ ಮಲಗುತ್ತದೆ.

ಅಷ್ಟರಲ್ಲಿ ಬೂದು ಬಣ್ಣದ ಹೆಣ್ಣು ನಾಯಿಯೊಂದು ಬಂದು ಶಿವನಂಜಮ್ಮನ ಪಾದದ ಮೇಲೆ ಗದ್ದ ಊರಿ ಮಲಗಿಬಿಟ್ಟಿತ್ತು.

"ಇವಳು ಮನೆಯೊಳಗೆ ಬೆಳೆದೋಳು. ಸಾಕಿದೋರು ಮನೆ ಖಾಲಿ ಮಾಡುವಾಗ ಗೇಟಿಗೆ ಕಟ್ಟಿ ಹೋಗಿದ್ರು. ಅವತ್ತಿಂದ ಬೊಗಳೋದೇ ಇಲ್ಲ," ಎಂದಳು ಪವಿತ್ರ. "ಹೊರಗೆ ಕಟ್ಟೋ ಹಾಗಿದ್ರೆ ಇವಳು ಬೇಡಮ್ಮ. ನಿಮ್ಮ ಮನೆಗೆ ಇವಳು ಹೊಂದಲ್ಲ."

"ಒಳಗೇ ಮನಗಿಸ್ಕತೀನಿ ಕಣವ್ವ," ಎಂದಳು ಶಿವನಂಜಮ್ಮ. ಆ ಗಳಿಗೆಯಲ್ಲಿ ಅದು ನಿಜವಾಗಿಯೂ ಅವಳ ಮನಸ್ಸಿನ ಮಾತೇ ಆಗಿತ್ತು.

ಮನೆಯಲ್ಲಿ ನಿಂಗರಾಜು ನಾಯಿಯನ್ನು ಸುತ್ತ ತಿರುಗಿ ನೋಡಿದ. "ಬೊಗ್ಳಾಕೇ ಬರ್ದಿರೋ ನಾಯಿ ತಕ್ಕಂಡು ಏನ್ ಮಾಡೀಯಮ್ಮಿ? ದೇವ್ರು ಇರೋ ಮನೆ ಇದು, ಒಸ್ಲು ದಾಟ್ಕೂಡ್ದು." ಅಂಗಳದ ತೆಂಗಿನ ಬುಡಕ್ಕೆ ಸರಪಳಿ ಬಿಗಿದ. ಬೂದಿ ಎಂದು ಹೆಸರಾಯಿತು.

ಬೂದಿ ಹಗಲೆಲ್ಲ ಸಮಾಧಾನದ ಪ್ರಾಣಿ. ಹಸು ಕರೆಯುವಾಗ ಪಕ್ಕದಲ್ಲಿ ಕೂತು ಹಾಲಿನ ನೊರೆ ನೋಡುತ್ತಿತ್ತು. ಹೊತ್ತು ಇಳಿಯುತ್ತಿದ್ದಂತೆ ಬದಲಾಗುತ್ತಿತ್ತು. ಮುದ್ದೆ ಇಟ್ಟರೆ ಮೂಸುತ್ತಿರಲಿಲ್ಲ. ಸರಪಳಿ ಎಳೆದಷ್ಟೂ ಎಳೆದು ಬಾಗಿಲ ಕಡೆ ಮೈ ಚಾಚಿ, ಕಣ್ಣು ಮಾತ್ರ ಕಬ್ಬಿನ ಕಡೆ ಇಟ್ಟು ನಡುಗುತ್ತಿತ್ತು.

"ಒಸಾ ಜಾಗ, ಒಂದ್ಕತದೆ ಬುಡು," ಎಂದ ನಿಂಗರಾಜು.

ಹೊಂದಿಕೊಳ್ಳಲಿಲ್ಲ. ಅಷ್ಟರಲ್ಲಿ ಪಕ್ಕದ ಹೊಲದ ಚಿಕ್ಕಸ್ವಾಮಿಯ ಮೇಕೆ ಕಾಣೆಯಾಯಿತು. ಕಾಲುವೆಯ ಕೆಸರಿನಲ್ಲಿ ಅಂಗೈಯಗಲದ ಹೆಜ್ಜೆಗಳು ಕಂಡವು. ಅರಣ್ಯ ಇಲಾಖೆಯವರು ಬಂದು ನೋಡಿ, ಬೋನು ತಂದು ಕಬ್ಬಿನ ಅಂಚಿಗೆ ಇಟ್ಟರು.

ಒಂದು ಸಂಜೆ ಶಿವನಂಜಮ್ಮ ಡೈರಿಯಿಂದ ಬಂದಾಗ ಕರೆಂಟಿರಲಿಲ್ಲ. ಇನ್ನೂ ಮಬ್ಬು ಬೆಳಕಿತ್ತು. ಬೂದಿ ಎದ್ದು ಬರಲಿಲ್ಲ. ನೆಲಕ್ಕೆ ಹಾಸಿದ ಗೋಣಿಯಂತೆ ಅಂಟಿಕೊಂಡಿತ್ತು, ಕಿವಿ ಹಿಂದಕ್ಕೆ ಮಡಚಿತ್ತು. ಹಸು ಮೇವು ಬಿಟ್ಟು ನಿಂತಿತ್ತು. ಗಾಳಿ ಇರಲಿಲ್ಲ, ಆದರೂ ಕಬ್ಬಿನ ನಡುವೆ ಒಂದೇ ಒಂದು ಸಾಲು ಮೆಲ್ಲಗೆ ಅಲುಗುತ್ತ ಮನೆಯ ಕಡೆಗೆ ಬರುತ್ತಿತ್ತು.

ಅವಳು ಕ್ಯಾನು ಬಿಟ್ಟು ತೆಂಗಿನ ಬುಡಕ್ಕೆ ಹೋದಳು. ಸರಪಳಿಯ ಕೊಂಡಿ ತುಕ್ಕು ಹಿಡಿದು ಕೂತಿತ್ತು. ಬೆರಳು ಜಾರಿತು, ಉಗುರು ಕಿತ್ತುಬಂತು. ಹಿಂದೆ ಗರಗಸ ಎಳೆದಂಥ ಒಂದು ಸದ್ದು, ಒಂದು ಉಸಿರು ಬಿಟ್ಟು ಇನ್ನೊಂದು. ಕೊರಳ ಪಟ್ಟಿಯನ್ನೇ ನಾಯಿಯ ತಲೆಯ ಮೇಲಿಂದ ಎಳೆದು ಬಿಡಿಸಿ, ಆ ಭಾರವನ್ನು ಎದೆಗೆ ಅವಚಿಕೊಂಡು ಹೊಸಿಲು ದಾಟಿದಳು. ಅಗುಳಿ ಹಾಕಿದ ಮೇಲೆ ಹೊರಗೆ ಸರಪಳಿ ಕಿಣಿಕಿಣಿ ಎಂದಿತು. ಯಾರೋ ಮುಟ್ಟಿ ನೋಡಿದ ಹಾಗೆ. ಕೊಟ್ಟಿಗೆಯಲ್ಲಿ ಹಸು ಒಮ್ಮೆ ಕೂಗಿ ಸುಮ್ಮನಾಯಿತು. ಬೂದಿಯ ಬಾಯಿಂದ ಚಕಾರವಿಲ್ಲ. ಅದರ ಎದೆ ಮಾತ್ರ ಅವಳ ಎದೆಗೆ ಬಡಿಯುತ್ತಿತ್ತು.

ಬೆಳಿಗ್ಗೆ ನೋಡಿದರೆ ಹಸು ಸುಖವಾಗಿತ್ತು. ತೆಂಗಿನ ಮರದ ಸುತ್ತ ಮಾತ್ರ ಹೆಜ್ಜೆಗಳು ಸುತ್ತು ಹಾಕಿದ್ದವು.

ಸುದ್ದಿ ಕೇಳಿ ಚಿಕ್ಕಸ್ವಾಮಿ ನಾಲ್ಕಾರು ಜನರನ್ನು ಕಟ್ಟಿಕೊಂಡು ಬಂದ. "ಬೋನಿಗೆ ಕೋಳಿ ಕಟ್ಟುದ್ರೆ ಬತ್ತಾ ಇಲ್ಲ. ಅದ್ಕೆ ಬೇಕಾಗಿರೋದು ಈ ನಾಯಿ ಕಣಾ ನಿಂಗ್ರಾಜು. ವಾಸ್ನೆ ಇಡ್ದದೆ. ಬೋನೊಳ್ಗೆ ನಾಯ್ಗೇ ಬೇರೆ ಕಂಬಿ ಗೂಡು ಇರ್ತದೆ, ಸಾಯಕ್ಕಿಲ್ಲ. ಕೊಡು."

ನಿಂಗರಾಜು ತಲೆ ಕೆರೆದುಕೊಂಡ. "ಎಂಗೂ ಬೊಗ್ಳಕ್ಕಿಲ್ಲ..."

"ಕೊಡಕ್ಕಿಲ್ಲ," ಎಂದಳು ಶಿವನಂಜಮ್ಮ ಬಾಗಿಲಲ್ಲಿ ನಿಂತು. ನಾಲ್ಕು ಜನರೆದುರು ಅವಳು ಗಂಡನ ಮಾತು ಕತ್ತರಿಸಿದ್ದು ಅದೇ ಮೊದಲು.

"ನಾಳೀಕೆ ಯಾರ್ನಾರಾ ಒತ್ಕಂಡೋದ್ರೆ ನಿನ್ ತಲೆ ಮೇಲೆ ಕಣಕ್ಕ," ಎಂದು ಚಿಕ್ಕಸ್ವಾಮಿ ಹೊರಟ. ಆ ಮಾತು ಅವಳೊಳಗೆ ಮುಳ್ಳಿನಂತೆ ಮುರಿದು ಉಳಿಯಿತು. ಡೈರಿಯ ಸಾಲಿನಲ್ಲಿ ಹೆಂಗಸರು ಅವಳಿಂದ ಸರಿದು ನಿಲ್ಲತೊಡಗಿದರು.

ಅವಳು ಪವಿತ್ರಳಿಗೆ ಫೋನ್ ಮಾಡಿದಳು. ಭಾನುವಾರ ಬಂದ ಪವಿತ್ರ ತೆಂಗಿನ ಬುಡ ನೋಡಿದಳು, ಮೂರು ಕಡೆಯ ಕಬ್ಬು ನೋಡಿದಳು. ಬೈಯುತ್ತಾಳೆಂದುಕೊಂಡಿದ್ದ ಶಿವನಂಜಮ್ಮನ ಗಾಯದ ಬೆರಳು ಹಿಡಿದು, "ಇಲ್ಲಿ ನಾಯಿ ಸಾಕೋದು ಅಂದ್ರೆ ಚಿರತೇನ ಕರೆದ ಹಾಗೆ," ಎಂದಳು.

ನಂಜನಗೂಡಿನಲ್ಲಿ ಶಿವನಂಜಮ್ಮನ ನಾದಿನಿ ಸುಬ್ಬಲಕ್ಷ್ಮಮ್ಮ ಮೊದಲ ಮಹಡಿಯ ಸಣ್ಣ ಮನೆಯಲ್ಲಿದ್ದಳು. ಮಂಡಿನೋವು, ದಿನವಿಡೀ ಮನೆಯಲ್ಲೇ. ಬೂದಿಯನ್ನು ತಾನಿಟ್ಟುಕೊಳ್ಳುತ್ತೇನೆ ಎಂದಳು. ಪವಿತ್ರ ಅಲ್ಲಿಗೂ ಹೋಗಿ, ಮೂಲೆಮೂಲೆ ನೋಡಿ ಒಪ್ಪಿದಳು. ಬೂದಿ ಆ ಮನೆಯ ಮಂಚದ ಕೆಳಗೆ ನುಸುಳಿ, ಕತ್ತಲಾಗುವ ಮುಂಚೆಯೇ ಗೊರಕೆ ಹೊಡೆಯಿತು. ಶಿವನಂಜಮ್ಮ ಬಸ್ಸಿನಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ಊರಿಗೆ ಬಂದಳು.

ನಿಂಗರಾಜು ಹಗಲಿನ ಶಿಫ್ಟು ಕೇಳಿದ್ದಾನೆ, ಇನ್ನೂ ಸಿಕ್ಕಿಲ್ಲ. ಬೋನು ಖಾಲಿಯೇ ಇದೆ. ಈಗ ಅವಳು ಹಾಲು ಹಾಕಿ ಬಂದವಳು ಅಂಗಳದಲ್ಲಿ ನಿಂತು ಮೊದಲು ಹಸುವನ್ನು ನೋಡುತ್ತಾಳೆ. ಹಸು ಮೆಲುಕು ಹಾಕುತ್ತಿರುತ್ತದೆ. ಚಿರತೆ ಬಂದರೆ ಅದಕ್ಕೆ ಬೂದಿಯಂತೆ ಗೊತ್ತಾಗುತ್ತದೋ ಇಲ್ಲವೋ ಅವಳಿಗೆ ತಿಳಿಯದು. ಕಬ್ಬು ಆಳೆತ್ತರ ಮೀರಿ ಬೆಳೆದಿದೆ. ಕಡಿಯಲು ಇನ್ನೂ ಕಾಲವಿದೆ.